ಕಡಲಿನಿಂದ ಮರಳಿದವನಿಗೆ ವೀರಗಲ್ಲಿಲ್ಲ

ಜಿಲ್ಲಾ ಆವೃತ್ತಿಯ ಒಳಪುಟದ ನಿಧನವಾರ್ತೆಗೆ ಒಂದು ಅಚ್ಚಿದೆ. ಹೆಸರು, ಪಕ್ಕದಲ್ಲಿ ವಯಸ್ಸು, ಭಾರತೀಯ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿದ್ದರು ಎಂಬ ಒಂದು ಸಾಲು, ಮೃತರಿಗೆ ಪತ್ನಿ, ಇಬ್ಬರು ಪುತ್ರರು, ಒಬ್ಬ ಪುತ್ರಿ ಹಾಗೂ ಅಪಾರ ಬಂಧುಬಳಗವಿದೆ ಎಂಬ ಇನ್ನೊಂದು ಸಾಲು, ಸ್ವಗ್ರಾಮದಲ್ಲಿ ಅಂತ್ಯಕ್ರಿಯೆಯ ಹೊತ್ತು. ಊರ ಕೂಡುರಸ್ತೆಯಲ್ಲಿ ಕಟ್ಟುವ ಫ್ಲೆಕ್ಸ್ ಇದಕ್ಕಿಂತ ಉದಾರಿ. ಅದರಲ್ಲಿ ಬಿಳಿ ಸಮವಸ್ತ್ರದ ಹರೆಯದ ಫೋಟೊ, ಬೆನ್ನ ಹಿಂದೆ ಎಲ್ಲಿಂದಲೋ ತಂದು ಅಂಟಿಸಿದ ಯುದ್ಧನೌಕೆ (ಒಮ್ಮೊಮ್ಮೆ ಅದು ಬೇರೆ ದೇಶದ್ದೂ ಆಗಿರುತ್ತದೆ), ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಎಪ್ಪತ್ತೈದರಲ್ಲಿ ತೀರಿಕೊಂಡ ಮನುಷ್ಯನನ್ನು ಇಪ್ಪತ್ತೈದರ ಮುಖದಲ್ಲಿ ನೆನೆಯುತ್ತೇವೆ. ನಡುವಿನ ಐವತ್ತು ವರ್ಷ ಅವನು ಏನು ಮಾಡಿದ, ಯಾರ ಜೊತೆ ಬಾಳಿದ, ಅವನ ನೌಕರಿಯ ಭಾರವನ್ನು ಮನೆಯಲ್ಲಿ ಹೊತ್ತವರು ಯಾರು ಎಂಬುದೆಲ್ಲ ‘ಅಪಾರ ಬಂಧುಬಳಗ’ದೊಳಗೆ ಅಡಗಿಬಿಡುತ್ತದೆ. ನೌಕಾಪಡೆಯಿಂದ ಊರಿಗೆ ಮರಳಿ, ಸಂಸಾರ ನಡೆಸಿ, ಮಂಚದ ಮೇಲೆ ಸತ್ತವನನ್ನು ನೆನೆಯುವ ನಮ್ಮ ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಸಂಸಾರವನ್ನು ಕೊನೆಯ ಸಾಲಿಗೆ ತಳ್ಳಿ ಅವನ ಸೇವೆಯನ್ನು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. ಆ ಸೇವೆಗೆ ಬೆಲೆ ತೆತ್ತದ್ದು ಮನೆ.

ಮೊದಲು ಲೆಕ್ಕ ನೋಡೋಣ. ನಾವಿಕನಿಗೆ ಪಿಂಚಣಿ ಸಿಗಬೇಕಾದರೆ 15 ವರ್ಷದ ಸೇವೆ ಬೇಕು. ಹದಿನೆಂಟಕ್ಕೆ ಭರ್ತಿಯಾದವನು ಮೂವತ್ಮೂರಕ್ಕೆ ಮಾಜಿ ಸೈನಿಕ. ಮುಂದೆ ಎಪ್ಪತ್ತೈದರವರೆಗೆ ಬದುಕಿದರೆ ನಿವೃತ್ತಿಯ ನಂತರವೇ 42 ವರ್ಷ, ಸೇವೆಯ ಸುಮಾರು ಮೂರು ಪಟ್ಟು. ಆ 15 ವರ್ಷವಾದರೂ ಎಂಥದ್ದು? ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಒಂದು ದಿನವೂ ಬಿಡದೆ ಎಲ್ಲವನ್ನೂ ಊರಲ್ಲೇ ಕಳೆದರೂ 15 ವರ್ಷದಲ್ಲಿ ಮನೆಯಲ್ಲಿದ್ದದ್ದು ನಾಲ್ಕು ವರ್ಷಕ್ಕೂ ಕಡಿಮೆ. ಅದರಲ್ಲೂ ದಾರಿಗೆ ಹೋಗುವ ದಿನಗಳಿವೆ. ನಾನು ಮಾತಾಡುತ್ತಿರುವ ಕೊಪ್ಪಳ ಜಿಲ್ಲೆ ಕಡಲ ಸೀಮೆಯಲ್ಲ. ಹತ್ತಿರದ ನೌಕಾನೆಲೆಯೆಂದರೆ ಈಗ ಕಾರವಾರದ ಕದಂಬ. ಗದಗ, ಹುಬ್ಬಳ್ಳಿ ದಾಟಿ ಅರಬೈಲ್ ಘಟ್ಟ ಇಳಿದರೆ ಸಿಗುವ ಆ ನೆಲೆಯೂ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಅದಕ್ಕೂ ಮುಂಚಿನ ತಲೆಮಾರಿಗೆ ನೌಕಾಪಡೆ ಎಂದರೆ ಮುಂಬಯಿ, ಕೊಚ್ಚಿ, ವಿಶಾಖಪಟ್ಟಣ. ಜಿಲ್ಲೆಯ ಇರಕಲ್ಲಗಡದಂಥ ಹೋಬಳಿ ಊರಿನಲ್ಲಿ ನಾವಿಕನಿಗೆ ಸಿಗುವ ಹೆಸರು ‘ಮಿಲಿಟ್ರಿ ಕಾಕಾ’. ಭೂಸೇನೆಯವನಿಗೂ ಅದೇ ಹೆಸರು, ಗಡಿ ಭದ್ರತಾ ಪಡೆಯವನಿಗೂ ಅದೇ. ಇಷ್ಟಾಗಿ, ಆತ ಇಲ್ಲದ ಹನ್ನೊಂದು ವರ್ಷ ಮನೆ ನಿಂತಿರಲಿಲ್ಲವಲ್ಲ? ಹೊಲ ಬಿತ್ತಿದ್ದಾರೆ, ಮಕ್ಕಳು ಸಾಲಿಗೆ ಹೋಗಿದ್ದಾರೆ, ಅತ್ತೆ ಮಾವನಿಗೆ ಕಾಯಿಲೆ ಬಂದಿದೆ, ಮದುವೆ ತಿಥಿಗಳು ಆಗಿವೆ. ಇವನ್ನೆಲ್ಲ ಮಾಡಿದವರ ಹೆಸರು ಫ್ಲೆಕ್ಸ್‌ನಲ್ಲಿ ‘ದುಃಖತಪ್ತ ಕುಟುಂಬ ವರ್ಗ’ ಎಂಬ ಒಂದೇ ಪಟ್ಟಿಯಲ್ಲಿ ಮುಗಿಯುತ್ತದೆ.

ಈ ಅಭ್ಯಾಸ ಪತ್ರಿಕೆಯವರಿಂದ ಶುರುವಾದದ್ದಲ್ಲ. ಕನ್ನಡ ನೆಲದಲ್ಲಿ ಹೋರಾಡಿದವನನ್ನು ನೆನೆಯಲು ಸಾವಿರ ವರ್ಷಕ್ಕೂ ಹಿಂದಿನಿಂದ ಇರುವ ರೂಪ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವ ದೃಶ್ಯ, ಮೇಲೆ ಕೈಲಾಸದಲ್ಲಿ ಲಿಂಗಪೂಜೆ. ತುರು ಕಾಯ್ದು ಸತ್ತವನಿಗೂ ಊರು ಉಳಿಸಲು ಸತ್ತವನಿಗೂ ಇದೇ ಚೌಕಟ್ಟು. ಕಡಲ ಕಾಳಗಕ್ಕೂ ಇದು ಒಗ್ಗಿಕೊಂಡಿತು: ಮುಂಬಯಿಯ ಬೊರಿವಲಿ ಬಳಿಯ ಎಕ್ಸಾರ್‌ನ ವೀರಗಲ್ಲುಗಳಲ್ಲಿ ಸಾಲು ಹುಟ್ಟುಗಳ ಹಡಗುಗಳು ಎದುರುಬದುರಾಗಿ ನಿಂತಿವೆ. ನೌಕಾಪಡೆಯ ಕನ್ನಡಿಗರು ದಶಕಗಳ ಕಾಲ ದುಡಿದ ಮುಂಬಯಿಯಲ್ಲೇ ನಾವಿಕನ ಅತ್ಯಂತ ಹಳೆಯ ಸ್ಮಾರಕಗಳಲ್ಲಿ ಕೆಲವು ಇರುವುದು ಒಳ್ಳೆಯ ಕಾಕತಾಳೀಯ. ಆದರೆ ಈ ಕಲ್ಲು ನಿಲ್ಲಬೇಕಾದರೆ ಒಂದು ಷರತ್ತಿದೆ, ಅವನು ಸಾಯಬೇಕು. ಗೆದ್ದು ಮನೆಗೆ ಬಂದವನಿಗೆ, ಆಮೇಲೆ ನಲವತ್ತು ವರ್ಷ ಹೊಲಮನೆ ನೋಡಿಕೊಂಡವನಿಗೆ ಆ ಮೂರು ಪಟ್ಟಿಕೆಗಳಲ್ಲಿ ಜಾಗವಿಲ್ಲ. ಹಾಗೆಂದು ಹಳಬರಿಗೆ ಮನೆಯ ಪರಿವೆ ಇರಲಿಲ್ಲ ಎನ್ನುವುದು ಅನ್ಯಾಯ. ಸತ್ತ ವೀರನ ಮನೆಯವರಿಗೆ ಭೂಮಿ ಕೊಡುವ ‘ನೆತ್ತರುಗೊಡಗೆ’ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಬ್ಬ ಸತ್ತರೆ ಒಂದು ಒಲೆ ಆರುತ್ತದೆ ಎಂಬುದನ್ನು ಊರು ಅರಿತಿತ್ತು, ಅದಕ್ಕೆ ಲೆಕ್ಕವಿಟ್ಟು ತೆರುತ್ತಿತ್ತು. ಕೆತ್ತನೆಗೆ ಮಾತ್ರ ಆ ಒಲೆ ಬರಲಿಲ್ಲ.

ನಮ್ಮ ಕಾಲದ ಗಣರಾಜ್ಯವೂ ಇದೇ ಅಂಕಗಣಿತವನ್ನು ಮುಂದುವರಿಸಿದೆ. ಯುದ್ಧದಲ್ಲಿ ಮಡಿದವನ ಪತ್ನಿಗೆ ಸಿಗುವ ಕುಟುಂಬ ಪಿಂಚಣಿ ಅವನ ಕೊನೆಯ ವೇತನದ ಶೇ 100. ಸೇವೆಯ ಕಾರಣದಿಂದಲೇ ಸಾವು ಬಂದಿದ್ದರೆ ಶೇ 60. ನಿವೃತ್ತನಾಗಿ ಮುಪ್ಪಿನಲ್ಲಿ ಸತ್ತವನ ಪತ್ನಿಗೆ ಸಾಮಾನ್ಯವಾಗಿ ಶೇ 30. ಈ ಅಳತೆಯ ಬಗ್ಗೆ ನನ್ನ ತಕರಾರಿಲ್ಲ. ಹರೆಯದಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಹೆಚ್ಚು ಸಲ್ಲಬೇಕಾದದ್ದು ನ್ಯಾಯವೇ. ತಕರಾರಿರುವುದು ಪಿಂಚಣಿಯ ಈ ಅಳತೆಯನ್ನು ನೆನಪಿಗೂ ಹಚ್ಚಿರುವುದಕ್ಕೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಕರಾವಳಿಯಾಚೆ ಪಾಕಿಸ್ತಾನದ ಹ್ಯಾಂಗೋರ್ ಜಲಾಂತರ್ಗಾಮಿಯ ಟಾರ್ಪಿಡೊಗೆ ಸಿಕ್ಕಿ ನಮ್ಮ ಯುದ್ಧನೌಕೆ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಅದರೊಂದಿಗೆ ಹೋದರು. ಹಡಗು ಬಿಡದೆ ನಿಂತ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು, ದಿಯುವಿನಲ್ಲಿ ಸ್ಮಾರಕ ಎದ್ದಿತು. ಇದೆಲ್ಲ ಸಲ್ಲಬೇಕಾದದ್ದೇ. ಅದೇ ರಾತ್ರಿ ನೀರಿನಲ್ಲಿ ತೇಲಿ ಬದುಕಿ ಬಂದವರು 67 ಮಂದಿ. ಅವರೂ ಅದೇ ಹಡಗಿನವರು, ಅದೇ ಸ್ಫೋಟ ಕೇಳಿದವರು, ಕಣ್ಣೆದುರೇ ಗೆಳೆಯರು ಮುಳುಗಿದ್ದನ್ನು ಕಂಡವರು. ಅವರ ಮಾತುಗಳನ್ನು ಕಲೆಹಾಕಿ ಮೇಜರ್ ಜನರಲ್ ಇಯಾನ್ ಕಾರ್ಡೋಜೊ ಪುಸ್ತಕ ತಂದದ್ದು 2006ರಲ್ಲಿ, ಘಟನೆಯಾಗಿ 35 ವರ್ಷ ಕಳೆದ ಮೇಲೆ. ನಡುವಿನ ಮೂರೂವರೆ ದಶಕ ಆ ರಾತ್ರಿಯ ನೆನಪು ಉಳಿದದ್ದು ಅವರವರ ಮನೆಗಳಲ್ಲಿ. ಕೇಳಿಸಿಕೊಳ್ಳಲು ಬೇರೆ ಯಾರು ತಾನೆ ಇದ್ದರು? ನಡುರಾತ್ರಿ ಬೆಚ್ಚಿ ಎದ್ದರೆ ಪಕ್ಕದಲ್ಲಿದ್ದದ್ದು ಹೆಂಡತಿ, ನೌಕಾ ಕೇಂದ್ರ ಕಚೇರಿಯಲ್ಲ. ದೆಹಲಿಯಲ್ಲಿ 2019ರ ಫೆಬ್ರುವರಿ 25ರಂದು ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗ್ರಾನೈಟ್ ಹಲಗೆಗಳ ಮೇಲೂ ಇರುವುದು ಮಡಿದವರ ಹೆಸರುಗಳೇ. ಅದು ಹಾಗೇ ಇರಬೇಕು. ಬದುಕಿ ಬಂದವನ ದಾಖಲೆ ಇಡುವ ಹೊಣೆ ಆಗ ಅವನ ಊರಿನ ಮೇಲೆ ಬೀಳುತ್ತದೆ, ಊರು ಅದಕ್ಕೆ ಫ್ಲೆಕ್ಸ್ ಕಟ್ಟಿ ಸುಮ್ಮನಾಗುತ್ತದೆ.

ಬೇರೆ ರೀತಿಯಲ್ಲಿ ನೆನೆಯುವುದು ಸಾಧ್ಯವೇ ಎಂದು ಕೇಳುವವರು ದೂರ ಹೋಗಬೇಕಿಲ್ಲ. ಸತ್ತವರನ್ನು ನೆನೆಯುವ ವಿಷಯದಲ್ಲಿ ಕೊಪ್ಪಳ ಜಿಲ್ಲೆಯಷ್ಟು ಅನುಭವವುಳ್ಳ ಜಿಲ್ಲೆಗಳು ಕಡಿಮೆ. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಸುಮಾರು 400 ಕಲ್ಗೋರಿಗಳಿವೆ. ಸುತ್ತಲಿನ ಜನ ಮೋರೇರ ಮನೆಗಳು ಎನ್ನುತ್ತಾರೆ. ಅಲ್ಲಿ ಯಾರ ಹೆಸರೂ ಇಲ್ಲ. ಕೊಪ್ಪಳದ ಬೆಟ್ಟಗಳೋ ಜೈನರಿಗೆ ಮಹಾತೀರ್ಥವಾಗಿದ್ದವು, ಸಲ್ಲೇಖನ ಕೈಗೊಂಡು ದೇಹ ಬಿಟ್ಟವರ ನಿಸಿದಿಗಳು ಅಲ್ಲಿ ನಿಂತವು. ಅಲ್ಲಿನ ಒಂದು ಬಂಡೆಯ ಮೇಲೆ, ವರಾಂಗಚರಿತದ ಕವಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕೆತ್ತಿಸಿ, ಮಾಡಿಸಿದವನು ಚಾವಯ್ಯ ಎಂದು ಬರೆಸಿದ್ದಾರೆ. ಈ ಚಾವಯ್ಯ ಯಾರೆಂದು ಆ ಬಂಡೆ ಹೇಳುವುದಿಲ್ಲ. ಆದರೂ ನೆನೆದವನ ಹೆಸರು ಅವನು ನೆನೆದವರ ಹೆಸರಿನ ಪಕ್ಕದಲ್ಲೇ ಉಳಿಯಿತು. ನೆನಪು ತಾನಾಗಿ ಆಗುವುದಲ್ಲ, ಯಾರೋ ಖರ್ಚು ಮಾಡಿ ಮಾಡಿಸಿದ್ದು ಎಂಬ ಪ್ರಾಮಾಣಿಕತೆ ಆ ಸಾಲಿನಲ್ಲಿದೆ.

ನನ್ನ ವಾದಕ್ಕೆ ಎಲ್ಲಕ್ಕಿಂತ ಹತ್ತಿರದ ಸಾಕ್ಷಿ ಇಟಗಿಯದು. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು, ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಸೈನ್ಯ ನಡೆಸಿದ ಮನುಷ್ಯ, ಚಾಳುಕ್ಯ ಚಕ್ರವರ್ತಿಗೆ ಬೇಕಾದವನು, ಅಧಿಕಾರವಿದ್ದವನು. ಆತ ಗೆದ್ದ ಕಾಳಗದ ಚಿತ್ರವನ್ನು ಕೆತ್ತಿಸಿ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದು, ದೇವಾಲಯಗಳ ಚಕ್ರವರ್ತಿ ಎಂದು ಶಾಸನವೇ ಹೊಗಳುವ ಮುಖ್ಯ ಗುಡಿ; ಅದರ ಆವರಣದಲ್ಲೇ ತಂದೆ ತಾಯಿಯ ನೆನಪಿಗೆ ಮೂರ್ತಿನಾರಾಯಣ ಮತ್ತು ಚಂದ್ರಲೇಶ್ವರಿ ಗುಡಿಗಳು. ಒಂಬೈನೂರು ವರ್ಷದ ನಂತರವೂ ಇಟಗಿಗೆ ಹೋದವರು ಒಬ್ಬ ಸೇನಾನಿಯನ್ನು ಕಾಣುವುದು ಅವನ ಅಪ್ಪ ಅವ್ವನ ಜೊತೆಗೆ. ಇದರಿಂದ ಅವನ ದಂಡನಾಯಕತ್ವಕ್ಕೇನಾದರೂ ಕುಂದು ಬಂತೇ? ಬರಲಿಲ್ಲ. ಚಾಳುಕ್ಯರ ಎಷ್ಟೋ ದಂಡನಾಯಕರು ಶಾಸನತಜ್ಞರ ಸೂಚಿಯಲ್ಲಿ ಮಾತ್ರ ಬದುಕಿರುವಾಗ ಈತ ಮಾತ್ರ ಊರವರ ಬಾಯಲ್ಲಿದ್ದಾನೆ. ಒಂದು ಮಾತು ಸೇರಿಸಬೇಕು: ಆ ಗುಡಿಗಳಲ್ಲಿ ತಂದೆ ತಾಯಿ ಇದ್ದಾರೆ, ಹೆಂಡತಿ ಇಲ್ಲ. ಕಲ್ಲಿನ ಕಾಲದಲ್ಲಿ ಹೆಂಡತಿಗೆ ಸಿಕ್ಕ ಜಾಗವೆಂದರೆ ಮಾಸ್ತಿಗಲ್ಲು, ಬಳೆ ತೊಟ್ಟು ಮೇಲೆತ್ತಿದ ಒಂದು ಕೈ. ಅವಳೂ ಸತ್ತರೆ ಮಾತ್ರ ನೆನಪು. ಬದುಕಿ ಮನೆ ನಡೆಸಿದವಳಿಗೆ ಅಲ್ಲಿಯೂ ಕಲ್ಲಿಲ್ಲ.

ನಾವಿಕನ ಹೆಂಡತಿ ನಡೆಸಿದ್ದು ಎಂಥ ಮನೆ ಎಂಬುದನ್ನು ಕೊಂಚ ಬಿಡಿಸಿ ನೋಡಬೇಕು. ಇರಕಲ್ಲಗಡದ ಸುತ್ತಿನದು ಮುಖ್ಯವಾಗಿ ಮಳೆ ನಂಬಿದ ಬೇಸಾಯ. ಜಿಲ್ಲೆಯ ಮುನಿರಾಬಾದಿನಲ್ಲೇ ತುಂಗಭದ್ರಾ ಅಣೆಕಟ್ಟೆ ನಿಂತರೂ ಕಾಲುವೆ ನೀರಿನ ಭತ್ತದ ಗದ್ದೆಗಳು ಗಂಗಾವತಿ ಕಡೆಗಾದವು. ಕುಷ್ಟಗಿ, ಯಲಬುರ್ಗಾ ಸೀಮೆ ಆಕಾಶ ನೋಡುತ್ತ ಉಳಿಯಿತು. ಎಪ್ಪತ್ತರ ದಶಕದ ಮೊದಲ ವರ್ಷಗಳ ಬರವನ್ನು ಈ ಭಾಗದ ಹಿರಿಯರು ಇನ್ನೂ ಮರೆತಿಲ್ಲ. ಇಂಥ ಮನೆಯಲ್ಲಿ ಮಗನೊಬ್ಬ ನೌಕಾಪಡೆಗೆ ಸೇರಿದರೆ ಅವನು ಕಳಿಸುವ ಮನಿಯಾರ್ಡರ್ ಮಳೆಯ ಹಂಗಿಲ್ಲದೆ ಬರುವ ಏಕೈಕ ಬೆಳೆ. ಅದು ಬಂದಾಗ ಯಾವ ಸಾಲಕ್ಕೆ ಎಷ್ಟು, ಬೀಜಕ್ಕೆ ಎಷ್ಟು, ನಾದಿನಿಯ ಮದುವೆಗೆ ಎಷ್ಟು ಎತ್ತಿಡಬೇಕು ಎಂಬ ತೀರ್ಮಾನ ಹಡಗಿನಲ್ಲಿ ಆಗುತ್ತಿರಲಿಲ್ಲ. ಪತ್ರದಲ್ಲಿ ಕೇಳೋಣವೆಂದರೆ ಅದು ಹಡಗಿನ ಹೆಸರು ಬರೆದು ಮುಂಬಯಿಯ ಫ್ಲೀಟ್ ಮೇಲ್ ಆಫೀಸಿಗೆ ಹಾಕಬೇಕಾದ ಪತ್ರ. ಹಡಗು ಬಂದರಿಗೆ ಬಂದಾಗ ಅವನ ಕೈ ಸೇರುತ್ತದೆ, ಉತ್ತರ ಬರುವ ಹೊತ್ತಿಗೆ ಬಿತ್ತನೆ ಮುಗಿದಿರುತ್ತದೆ. ಇನ್ನೊಂದು ತೊಡಕೂ ಇತ್ತು. 2001ರ ಜನಗಣತಿಯಲ್ಲೂ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 40ರ ಆಸುಪಾಸಿನಲ್ಲಿತ್ತು. ಅದಕ್ಕೂ ಮೂವತ್ತು ವರ್ಷ ಹಿಂದೆ ಎಷ್ಟಿದ್ದೀತು ಎಂದು ಊಹಿಸಬಹುದು. ಗಂಡನ ಪತ್ರವನ್ನು ಮೈದುನನೋ ಸಾಲಿ ಹುಡುಗನೋ ಓದಿ ಹೇಳಬೇಕು, ಅವಳ ಉತ್ತರವನ್ನು ಅವರೇ ಬರೆಯಬೇಕು. ಗಂಡ ಹೆಂಡಿರ ನಡುವಿನ ಮಾತು ಮೂರನೆಯವರ ಬಾಯಿ ಕೈ ಹಾದು ಹೋಗುತ್ತಿತ್ತು. ಹಾಗಾಗಿ ಪತ್ರದಲ್ಲಿ ಬರುತ್ತಿದ್ದದ್ದು ಎಲ್ಲರೂ ಕ್ಷೇಮ ಎಂಬುದಷ್ಟೇ. ಯಾವುದು ಕ್ಷೇಮವಿರಲಿಲ್ಲವೋ ಅದನ್ನು ಅವಳೇ ನುಂಗಿಕೊಂಡು ದಾಟಿಸಿದಳು. ಹಡಗಿನಲ್ಲಿ ನಾಲ್ಕು ತಾಸಿನ ವಾಚ್ ಮುಗಿದ ಮೇಲೆ ಇನ್ನೊಬ್ಬ ಬಂದು ನಿಲ್ಲುತ್ತಾನೆ. ಇಲ್ಲಿ ಅವಳ ಜಾಗಕ್ಕೆ ಬಂದು ನಿಲ್ಲುವವರು ಯಾರೂ ಇರಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗೊತ್ತಿರುವಂಥದ್ದೇ. ದೇಶಸೇವೆ ಸಾರ್ವಜನಿಕ, ಸಂಸಾರ ಖಾಸಗಿ. ಹೆಂಡತಿ ಮಕ್ಕಳನ್ನು ಸಾಕುವುದನ್ನು ಎಲ್ಲರೂ ಮಾಡುತ್ತಾರೆ, ಅದರಲ್ಲಿ ನೆನೆಯುವುದೇನು? ಆದರೆ ಸೇವೆ ಪೂರ್ತಿ ಸಾರ್ವಜನಿಕ, ಮನೆ ಪೂರ್ತಿ ಖಾಸಗಿ ಎಂದು ಸರ್ಕಾರವೇ ಒಪ್ಪಿಕೊಂಡಿಲ್ಲ. ಪಿಂಚಣಿಯ ಕಡತಕ್ಕೆ ಗಂಡ ಹೆಂಡಿರ ಜಂಟಿ ಫೋಟೊ ಬೇಕು. ಮಾಜಿ ಸೈನಿಕರ ಆರೋಗ್ಯ ಯೋಜನೆ 2003ರಲ್ಲಿ ಬಂದಾಗ ಅವಲಂಬಿತರನ್ನು ಒಳಗೊಂಡೇ ಬಂತು. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಬರುವ ಅರ್ಜಿಗಳಲ್ಲಿ ವಿಧವೆಯರದ್ದೂ ಮಕ್ಕಳ ವಿದ್ಯಾಭ್ಯಾಸದ್ದೂ ಇರುತ್ತವೆ. ಹಣದ ಲೆಕ್ಕದಲ್ಲಿ ಮನೆಯನ್ನು ಸೇವೆಯ ಭಾಗವೆಂದು ಒಪ್ಪಿಕೊಂಡವರು ನೆನಪಿನ ಲೆಕ್ಕದಲ್ಲಿ ಅದನ್ನು ಹೊರಗಿಡುವುದಕ್ಕೆ ಕಾರಣ ತೋರಿಸಬೇಕು. ಎಲ್ಲರೂ ಸಂಸಾರ ಮಾಡುತ್ತಾರೆ ಎನ್ನುವುದೂ ನಿಜವೇ. ಆದರೆ ವರ್ಷಕ್ಕೆ ಒಂಬತ್ತು ತಿಂಗಳು ಕಣ್ಣಿಗೆ ಬೀಳದ ಗಂಡನ ಸಂಸಾರವನ್ನು, ಮೂವತ್ಮೂರಕ್ಕೆ ಒಂದು ಬದುಕು ಮುಗಿಸಿ ಇನ್ನೊಂದನ್ನು ಮೊದಲಿನಿಂದ ಕಟ್ಟುವ ಸಂಸಾರವನ್ನು ಎಲ್ಲರೂ ಮಾಡುವುದಿಲ್ಲ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ, ಸಾರಿಗೆ ಡಿಪೊದಲ್ಲಿ ಎಂಜಿನ್ ಬಿಚ್ಚಿದ ಮಾಜಿ ನಾವಿಕರು ಸಮುದ್ರದ ಕಸುಬನ್ನು ಒಣಭೂಮಿಗೆ ಒಗ್ಗಿಸಿಕೊಂಡದ್ದು ಯಾರ ಆಸರೆಯಲ್ಲಿ ಎಂದು ಕೇಳಿಕೊಂಡರೆ ಸಾಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ‘ಕುಟುಂಬವತ್ಸಲ’ ಎಂದು ಸತ್ತ ಮೇಲೆ ಎಲ್ಲರನ್ನೂ ಕರೆಯುತ್ತಾರೆ. ಹಡಗಿನ ಶಿಸ್ತನ್ನು ಮನೆಗೆ ತಂದು ಮಕ್ಕಳನ್ನು ನಡುಗಿಸಿದವರಿದ್ದಾರೆ, ಕ್ಯಾಂಟೀನಿನ ಬಾಟಲಿಗೆ ಬದುಕು ಒಪ್ಪಿಸಿದವರಿದ್ದಾರೆ. ಸಂಸಾರವನ್ನು ಮುಂದೆ ತಂದರೆ ಹುಸಿ ಹೊಗಳಿಕೆಗೆ ಇನ್ನಷ್ಟು ಜಾಗ ಕೊಟ್ಟಂತಾಗುವುದಿಲ್ಲವೇ? ಈ ಮಾತನ್ನು ನಾನು ಒಪ್ಪುತ್ತೇನೆ, ಒಪ್ಪಿಕೊಂಡೇ ನನ್ನ ವಾದಕ್ಕೆ ಬಳಸುತ್ತೇನೆ. ಹುಸಿ ಹೊಗಳಿಕೆ ಬೆಳೆಯುವುದು ವಿವರ ಇಲ್ಲದ ಕಡೆ. ಕುಟುಂಬವತ್ಸಲ ಎಂದು ಬರೆಯಲು ಸಾಕ್ಷಿ ಬೇಕಿಲ್ಲ. ತಮ್ಮಂದಿರ ಓದಿಗೆ ಸಂಬಳ ಕಳಿಸಿದ, ಹಾಸಿಗೆ ಹಿಡಿದ ತಾಯಿಯನ್ನು ತಾನೇ ನೋಡಿಕೊಂಡ, ಹೊಲವನ್ನು ಮಗಳ ಹೆಸರಿಗೂ ಬರೆದ ಎಂದು ಬರೆಯಲು ಸಾಕ್ಷಿ ಬೇಕು. ಬರೆಯಲು ಕೂತವನು ಮನೆಯವರನ್ನು ಕೇಳಲೇಬೇಕಾಗುತ್ತದೆ. ಕೇಳಿದಾಗ ಹೇಳುವುದಕ್ಕೆ ಏನೂ ಇಲ್ಲದಿದ್ದರೆ ಆ ವಿಶೇಷಣ ತಾನಾಗಿ ಉದುರುತ್ತದೆ. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಎಂಬ ನಮ್ಮ ಹಿರಿಯರ ಮಾತಿಗೆ ಇದರಿಂದ ಧಕ್ಕೆಯಿಲ್ಲ. ಇಲ್ಲದ ಒಳ್ಳೆಯದನ್ನು ಆಡಬೇಕೆಂದು ಅವರು ಎಲ್ಲಿಯೂ ಹೇಳಿಲ್ಲ.

ಮೂರನೆಯದು ಮಾಜಿ ಸೈನಿಕರ ಸಂಘದವರೇ ಕೇಳಬಹುದಾದ ಪ್ರಶ್ನೆ. ಮೊದಲೇ ಊರಿಗೆ ನೌಕಾಪಡೆಯ ಕೆಲಸ ಏನೆಂದು ಗೊತ್ತಿಲ್ಲ. ಇದ್ದ ಒಂದು ಸಾಲನ್ನೂ ಸಂಸಾರಕ್ಕೆ ಬಿಟ್ಟುಕೊಟ್ಟರೆ ಸೇವೆ ಪೂರ್ತಿ ಅಳಿಸಿಹೋಗುವುದಿಲ್ಲವೇ? ಈಗಿರುವ ಸಾಲಿನಿಂದ ಸೇವೆಯ ಬಗ್ಗೆ ಏನು ತಿಳಿಯುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ಅವನು ಬಾಯ್ಲರ್ ಮುಂದೆ ದುಡಿದನೋ, ರೇಡಾರ್ ಪರದೆ ನೋಡಿದನೋ, ಸಂಕೇತ ಕಳಿಸಿದನೋ, ಮುನ್ನೂರು ಜನಕ್ಕೆ ಅಡುಗೆ ಮಾಡಿದನೋ? ಯಾವ ಹಡಗು? 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆಯ ಹೆಸರು ಮೈಸೂರು; ಬ್ರಿಟನ್ನಿನ ಹಳೆಯ ಕ್ರೂಸರ್ ನೈಜೀರಿಯಾವನ್ನು ಕೊಂಡು 1957ರಲ್ಲಿ ನಮ್ಮ ಪಡೆಗೆ ಸೇರಿಸಿಕೊಂಡದ್ದು. ಇಂದಿಗೂ ಅದೇ ಹೆಸರಿನ ವಿಧ್ವಂಸಕ ನೌಕೆಯ ಲಾಂಛನದಲ್ಲಿ ಗಂಡಭೇರುಂಡವಿದೆ. ನಮ್ಮ ನಾಡಿನ ಹೆಸರು ಹೊತ್ತ ಆ ಹಡಗಿನಲ್ಲಿ ದುಡಿದು ಬಂದವನೊಬ್ಬ ಪಕ್ಕದ ಓಣಿಯಲ್ಲೇ ಇದ್ದರೂ ಊರಿಗೆ ತಿಳಿಯದಂಥ ಸ್ಥಿತಿ ನಮ್ಮದು. ತಿಳಿದಿದ್ದರೆ ಅದು ಅವನ ಮನೆಯವರಿಗೆ. ಹಡಗುಗಳ ಹೆಸರು ಅವರಿಗೆ ವಿಳಾಸವಾಗಿ ಬಾಯಿಪಾಠ. ಯಾವ ಹಡಗಿನಲ್ಲಿದ್ದಾಗ ದೊಡ್ಡವನು ಹುಟ್ಟಿದ, ಯಾವ ಹಡಗಿನಲ್ಲಿದ್ದಾಗ ಮಾವ ತೀರಿಕೊಂಡರೂ ರಜೆ ಸಿಗಲಿಲ್ಲ ಎಂದೇ ಅವರು ಕಾಲ ಎಣಿಸಿದ್ದು. ಮನೆಯ ದಾರಿಯಿಂದ ಹೋದರೆ ಸೇವೆ ಅಳಿಸುವುದಿಲ್ಲ, ಅದರ ತಾರೀಕುಗಳು ಸಿಗುತ್ತವೆ.

ಮರಳಿ ಬಂದವನನ್ನು ಹೇಗೆ ನೆನೆಯಬೇಕು ಎಂಬ ಪ್ರಶ್ನೆ ಬೇಗನೆ ಇನ್ನೂ ತೀಕ್ಷ್ಣವಾಗಲಿದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಶೇ 25ರಷ್ಟು ಮಂದಿಗೆ ಮುಂದುವರಿಕೆ, ಉಳಿದವರಿಗೆ ಪಿಂಚಣಿಯಿಲ್ಲದ ವಿದಾಯ. ಒಡಿಶಾದ ಚಿಲ್ಕಾದಲ್ಲಿ 2023ರ ಮಾರ್ಚ್ 28ರಂದು ತರಬೇತಿ ಮುಗಿಸಿ ಹೊರಬಂದ ನೌಕಾಪಡೆಯ ಮೊದಲ ಅಗ್ನಿವೀರರ ತಂಡದಲ್ಲಿ 273 ಮಹಿಳೆಯರೂ ಇದ್ದರು. ಇವರಲ್ಲಿ ಹೆಚ್ಚಿನವರ ಪಾಲಿಗೆ ಹಡಗಿನ ಬದುಕು ನಾಲ್ಕು ವರ್ಷ, ಮನೆಯದು ಐವತ್ತು. ಬಿಳಿ ಸಮವಸ್ತ್ರದ ಫೋಟೊ ಒಂದನ್ನೇ ನಂಬಿದ ಸ್ಮರಣೆ ಆ ಬದುಕಿನ ಹದಿಮೂರರಲ್ಲಿ ಒಂದು ಪಾಲನ್ನೂ ಹಿಡಿಯಲಾರದು. ಆದರೆ ಅವರ ಸರದಿ ಬರಲು ಕಾಲವಿದೆ. ಕಾಲವಿಲ್ಲದಿರುವುದು 1971ರ ತಲೆಮಾರಿಗೆ. ಆಗ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತೈದರ ಆಸುಪಾಸು, ಹಲವರು ಹೋಗಿಯಾಯಿತು. ಕೊಪ್ಪಳ ಜಿಲ್ಲೆಯ ಶಾಸನಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಂಪುಟವಾಗಿ ಪ್ರಕಟಿಸಿದೆ, ಅಂದರೆ ಈ ಜಿಲ್ಲೆಯಲ್ಲಿ ಕಲ್ಲು ಹೇಳುವುದನ್ನು ಓದಿ ಬರೆದುಕೊಳ್ಳುವ ಅಭ್ಯಾಸ ಈಗಾಗಲೇ ಇದೆ. ಜೀವಂತ ಬಾಯಿಂದ ಕೇಳಿ ಬರೆದುಕೊಳ್ಳುವುದು ಅದಕ್ಕಿಂತ ಸುಲಭ. ಒಂದು ಹೋಬಳಿಯ ಮಾಜಿ ಸೈನಿಕರ ಪಟ್ಟಿ, ಒಂದು ನೋಟ್‌ಬುಕ್ಕು, ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಇದ್ದರೆ ಇರಕಲ್ಲಗಡದಿಂದಲೇ ಶುರುಮಾಡಬಹುದು. ಮೊದಲು ಕೇಳಬೇಕಾದದ್ದು ಅವರ ಹೆಂಡಂದಿರನ್ನು. ಯಾವ ಹಡಗು, ಯಾವ ವರ್ಷ, ಮನಿಯಾರ್ಡರ್ ಎಷ್ಟು ಬರುತ್ತಿತ್ತು, ಬರದಿದ್ದ ತಿಂಗಳು ಏನು ಮಾಡಿದಿರಿ ಅಮ್ಮಾ ಎಂದು.